ಮೆಂತ್ಯ ವಾತಕ್ಕೆ ಒಳ್ಳೆಯದು ಸರಿ, ಆದರೆ ಯಾವ ಚಮಚದಲ್ಲಿ?

ಸಂಪಾದಕರಿಗೆ ನಮಸ್ಕಾರ.

ನಾನು 22 ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ನಿಮ್ಮ ಆರೋಗ್ಯ ಪುಟದಲ್ಲಿ ಏನು ಬಂದಿದೆ ಎಂದು ತಿಳಿಯಲು ನಾನು ಪತ್ರಿಕೆ ಬಿಚ್ಚಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಗಿರಣಿ ಮುಂದೆ ಸಾಲಾಗಿ ಕೂರುವ ಡಬ್ಬಗಳ ಮುಚ್ಚಳ ತೆಗೆದರೆ ಸಾಕು. ನುಗ್ಗೆಸೊಪ್ಪಿನ ಬಗ್ಗೆ ಬಂದ ವಾರ ಒಣಗಿಸಿದ ನುಗ್ಗೆ ಬರುತ್ತದೆ. ಅಗಸೆ ಬಗ್ಗೆ ಬಂದ ವಾರ ಅಗಸೆ. ಅದಂತೂ ಕಲ್ಲಿಗೆ ಮೆತ್ತಿಕೊಂಡು ಕೂತುಬಿಡುತ್ತದೆ, ಆ ಕಥೆ ಬೇಡ. ಹೋದ ತಿಂಗಳು ವಾತ ಪ್ರಕೃತಿಯವರು, ಅಂದರೆ ಆಯುರ್ವೇದ ಹೇಳುವ ವಾತ, ಪಿತ್ತ, ಕಫ ಮೂರರಲ್ಲಿ ವಾತ ಮುಂದಿರುವ ಮೈಯವರು, ದಿನಾ ಮೆಂತ್ಯ ತಿನ್ನಬೇಕು ಎಂಬ ಬರಹ ಬಂತಲ್ಲ, ಅದರ ಮರುದಿನದಿಂದ ಇವತ್ತಿನವರೆಗೂ ನನಗೆ ಮೆಂತ್ಯವೋ ಮೆಂತ್ಯ.

ಗಿರಣಿಯವರಿಗೆ ಮೆಂತ್ಯ ಎಂದರೆ ಅಷ್ಟಕ್ಕಷ್ಟೇ. ಹುರಿಯದ ಮೆಂತ್ಯ ಕಲ್ಲಿನಷ್ಟೇ ಗಟ್ಟಿ. ಕಲ್ಲಿಗೆ ಬಿದ್ದ ತಕ್ಷಣ ಶಬ್ದವೇ ಬದಲಾಗುತ್ತದೆ. ಆಮೇಲೆ ವಾಸನೆ. ಅದರ ಹಿಂದೆಯೇ ಯಾರದಾದರೂ ಅಕ್ಕಿ ಹಾಕಿದರೆ ಅವರ ಹಿಟ್ಟೂ ಕಹಿ. ಅದಕ್ಕೆ ಪ್ರತಿ ಸಲ ಮೆಂತ್ಯ ಆದ ಮೇಲೆ ಎರಡು ಹಿಡಿ ನುಚ್ಚು ಹಾಕಿ ಓಡಿಸಿ, ಆ ಹಿಟ್ಟನ್ನು ಚೆಲ್ಲುತ್ತೇನೆ. ಆ ನುಚ್ಚಿನ ದುಡ್ಡು ಕೇಳಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಬರಹ ನಂಬಿ ನಾನೂ ತಿಂದೆ. ಅದಕ್ಕೆ ಬರೆಯುತ್ತಿದ್ದೇನೆ.

ಬರಹದ ಕೆಳಗೆ ಹತ್ತು ಪ್ರಶ್ನೆ ಇದ್ದವು, ನಿಮ್ಮ ಪ್ರಕೃತಿ ಯಾವುದು ತಿಳಿದುಕೊಳ್ಳಿ ಅಂತ. ಚರ್ಮ ಒಣಗುತ್ತದೆಯೇ? ಹೌದು. ಹಿಮ್ಮಡಿ ಒಡೆಯುತ್ತದೆಯೇ? ಹೌದು. ಹೊಟ್ಟೆ ಉಬ್ಬರ, ಮಲಬದ್ಧತೆ? ಹೌದು, ಹೌದು. ಕೀಲು ಕಟಕಟ ಅನ್ನುತ್ತದೆಯೇ? ನನ್ನ ಮಂಡಿ ಮಾತಾಡುವುದು ಗಿರಣಿ ಸದ್ದಿನಲ್ಲೂ ಕೇಳುತ್ತದೆ. ನಿದ್ದೆ ಕಡಿಮೆಯೇ? ನನಗೆ 58 ವರ್ಷ, ನಿದ್ದೆ ಎಲ್ಲಿಂದ ಬರಬೇಕು? ಹತ್ತಕ್ಕೆ ಒಂಬತ್ತು ಬಂತು. ಮನೆಯವರು ಕೂತು ಬರೆದರು, ಅವರಿಗೂ ಏಳು. ಸೊಸೆಗೆ ಆರು. ಮನೆ ಮಂದಿಯೆಲ್ಲ ವಾತ!

ಎರಡು ಚಮಚ ಮೆಂತ್ಯದ ಪುಡಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ, ಎಂದು ಬರೆದಿದ್ದಿರಿ. ಅಷ್ಟೇ. ಗಿರಣಿ ನನ್ನದೇ, ಪುಡಿಗೇನು ಬರ. ಹಸಿ ಮೆಂತ್ಯ ಬೀಸಿಕೊಂಡೆ. ಎರಡು ಚಮಚ ಬಾಯಿಗೆ ಹಾಕಿಕೊಂಡು ಕೊಡದ ತಣ್ಣೀರು ಒಂದು ಗುಟುಕು ಕುಡಿದು ಗಿರಣಿ ಬಾಗಿಲು ತೆಗೆದೆ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಹೊಟ್ಟೆ ತಮಟೆ ಆಯಿತು. ಇದ್ದ ಮಲಬದ್ಧತೆ ಬಿಗಿಯಾಯಿತು. ಆರನೇ ದಿನಕ್ಕೆ ಅದು ತಿರುಗಿ, ಮಧ್ಯಾಹ್ನದೊಳಗೆ ನಾಲ್ಕು ಸಲ ಗಿರಣಿ ಬಿಟ್ಟು ಓಡಬೇಕಾಯಿತು. ಜೊತೆಗೆ ಮೈಯೆಲ್ಲ ಮೆಂತ್ಯದ ವಾಸನೆ. ಗಿರಣಿಯವಳ ಮೈಯಲ್ಲಿ ಹಿಟ್ಟಿನ ವಾಸನೆ ಇರುವುದು ಹೊಸದಲ್ಲ. ಆದರೆ ಇದು ಸ್ನಾನ ಮಾಡಿದರೂ ಹೋಗಲಿಲ್ಲ, ಬೆವರಿನಲ್ಲೇ ಬರುತ್ತಿತ್ತು. ಮೆಂತ್ಯದಲ್ಲಿ ಸೊಟೊಲೋನ್ ಎಂಬ ಪರಿಮಳದ ಅಂಶ ಇದೆಯಂತೆ. ಅದು ಬೆವರು, ಮೂತ್ರದಲ್ಲೆಲ್ಲ ಹಾಗೇ ಹೊರಗೆ ಬರುತ್ತದೆ. ಅದರಿಂದ ಅಪಾಯವೇನೂ ಇಲ್ಲ, ಮುಜುಗರ ಮಾತ್ರ.

ಮನೆಯವರದ್ದು ಮುಜುಗರದಲ್ಲಿ ಮುಗಿಯಲಿಲ್ಲ. ಅವರು ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾರೆ. ಬೆಳಿಗ್ಗೆ ಮೆಂತ್ಯ ನುಂಗಿ, ಮಾತ್ರೆಯನ್ನೂ ನುಂಗಿ, ಹೊಟ್ಟೆ ತುಂಬಿದ ಹಾಗಿದೆ ಎಂದು ತಿಂಡಿ ಮುಂದಕ್ಕೆ ಹಾಕಿದರು. ಹನ್ನೊಂದು ಗಂಟೆ ಹೊತ್ತಿಗೆ ಗಿರಣಿಯ ಬೆಂಚಿನ ಮೇಲೆ ಕೂತಿದ್ದವರು ಸುಮ್ನೆ ಬೆವರತೊಡಗಿದರು. ಕೈ ನಡುಗುತ್ತಿತ್ತು. ಗಿರಾಕಿಗೆ ಚಿಲ್ಲರೆ ಕೊಡಲು ಹೋಗಿ ನಾಣ್ಯವೆಲ್ಲ ಹಿಟ್ಟಿಗೆ ಬಿತ್ತು. ಮೀಟರ್‌ನಲ್ಲಿ ನೋಡಿದರೆ 58. ಸಕ್ಕರೆ ನೀರು ಕುಡಿಸಿದೆವು, ಕಾಲು ಗಂಟೆಯಲ್ಲಿ ಸರಿಯಾದರು. ಮಾತ್ರೆ ಬರೆದುಕೊಡುವ ಡಾಕ್ಟರ್ ಮೊದಲು ಕೇಳಿದ್ದೇ, “ಹೊಸದಾಗಿ ಏನು ಶುರು ಮಾಡಿದ್ದೀರಿ?” ಅಂತ. ಮೆಂತ್ಯ ತಾನೇ ಸಕ್ಕರೆ ಇಳಿಸುತ್ತದೆ, ಮಾತ್ರೆಯೂ ಇಳಿಸುತ್ತದೆ, ಎರಡೂ ಸೇರಿದರೆ ಹೀಗೆ ಆಗಬಹುದು ಎಂದರು. ತಿಂಡಿ ತಡ ಮಾಡಿದ್ದೂ ಸೇರಿಕೊಂಡಿತ್ತು, ಮೆಂತ್ಯ ಒಂದರ ಮೇಲೇ ತಪ್ಪು ಹೊರಿಸಲ್ಲ. ಆದರೆ ನಿಮ್ಮ ಬರಹದಲ್ಲಿ ಮಾತ್ರೆ ತಗೊಳ್ಳುವವರಿಗೆ ಅಂತ ಒಂದು ಸಾಲು ಇದ್ದಿದ್ದರೆ ನಾವು ಕೇಳಿಯೇ ತಿನ್ನುತ್ತಿದ್ದೆವು.

ನನ್ನ ಹೊಟ್ಟೆ ಸರಿಹೋಗದೆ ಒಬ್ಬರು ಆಯುರ್ವೇದ ವೈದ್ಯೆಯ ಹತ್ತಿರ ಹೋದೆ. ವಯಸ್ಸಾದವರು, ಮಾತು ನೇರ. ನಿಮ್ಮ ಪತ್ರಿಕೆಯ ಕತ್ತರಿಸಿಟ್ಟ ತುಂಡನ್ನೇ ಮೇಜಿನ ಮೇಲೆ ಇಟ್ಟೆ.

“ಡಾಕ್ಟ್ರೇ, ಇದೇ ಪುಟದಲ್ಲಿ ಇನ್ನೊಂದು ಸಲ ಕಹಿ ತಿಂದರೆ ವಾತ ಜಾಸ್ತಿ ಆಗುತ್ತದೆ ಅಂತ ಬರೆದಿದ್ದರು. ಮೆಂತ್ಯಕ್ಕಿಂತ ಕಹಿ ಇನ್ನೇನಿದೆ? ಅದು ವಾತ ಹೇಗೆ ಇಳಿಸುತ್ತದೆ?”

ಅವರು ನಕ್ಕರು. “ಸರಿಯಾಗೇ ಕೇಳಿದ್ದೀಯಮ್ಮ. ಕಹಿ, ಖಾರ, ಒಗರು ವಾತ ಏರಿಸುತ್ತವೆ. ಸಿಹಿ, ಹುಳಿ, ಉಪ್ಪು ಇಳಿಸುತ್ತವೆ. ಅದು ನಿಜ. ಆದರೆ ನಾಲಗೆಗೆ ಸಿಕ್ಕಿದ ರುಚಿಯೇ ಎಲ್ಲ ಅಲ್ಲ. ಮೆಂತ್ಯದ ವೀರ್ಯ, ಅಂದರೆ ಮೈಯೊಳಗೆ ಅದು ತೋರಿಸುವ ಶಕ್ತಿ, ಉಷ್ಣ. ಗುಣ ಸ್ನಿಗ್ಧ, ಅಂದರೆ ಜಿಡ್ಡು. ವಾತ ಹೇಗಿರುತ್ತದೆ ಹೇಳು?”

ನನಗೆ ಗೊತ್ತಿರಲಿಲ್ಲ. ಅವರೇ ಬೆರಳು ಮಡಚಿ ಎಣಿಸಿದರು. ರೂಕ್ಷ ಅಂದರೆ ಒಣ. ಲಘು ಅಂದರೆ ಹಗುರ. ಶೀತ. ಖರ ಅಂದರೆ ಒರಟು. ಸೂಕ್ಷ್ಮ. ಚಲ, ಒಂದು ಕಡೆ ನಿಲ್ಲದ್ದು. ಕೇಳುತ್ತಾ ಕೇಳುತ್ತಾ ನನಗೆ ನಮ್ಮ ಗಿರಣಿಯ ಧೂಳು ಕಣ್ಣ ಮುಂದೆ ಬಂತು. ಒಣ, ಹಗುರ, ಒರಟು, ಸಣ್ಣ ಸಂದಿಗೂ ನುಗ್ಗುವಂಥದ್ದು, ಬಾಗಿಲು ತೆಗೆದರೆ ಎದ್ದು ಓಡುವಂಥದ್ದು. ತಣ್ಣಗಿಲ್ಲ ಅನ್ನುವುದೊಂದೇ ವ್ಯತ್ಯಾಸ. ಹಾಗೆಂದು ಹೇಳಿದೆ. “ಧೂಳು ಕೂರಿಸಲು ಏನು ಮಾಡ್ತೀಯ?” ಎಂದು ಕೇಳಿದರು. ನೀರು ಚಿಮುಕಿಸುತ್ತೇನೆ ಎಂದೆ. “ಮತ್ತೆ ಧೂಳಿನ ಮೇಲೆ ಧೂಳು ಸುರಿದುಕೊಂಡೆಯಲ್ಲ?” ಎಂದರು.

ಅವರ ಮಾತಿನ ಅರ್ಥ ಮನೆಗೆ ಬಂದ ಮೇಲೆ ಪೂರ್ತಿ ತಿಳಿಯಿತು. ಅವರೇ ಹೇಳಿಕೊಟ್ಟಂತೆ ಒಂದು ಸಣ್ಣ ಲೋಟಕ್ಕೆ ಎರಡು ಚಮಚ ಮೆಂತ್ಯದ ಪುಡಿ ಹಾಕಿ, ಮೇಲೆ ನಾನು ಕುಡಿಯುವಷ್ಟೇ ನೀರು, ಒಂದು ಗುಟುಕು, ಸುರಿದು ಇಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಲೋಟದಲ್ಲಿ ನೀರೇ ಇಲ್ಲ. ಹಳದಿ ಗೋಂದಿನ ಉಂಡೆ. ಚಮಚ ಚುಚ್ಚಿದರೆ ನೆಟ್ಟಗೆ ನಿಂತಿತು. ಲೋಟ ತಲೆಕೆಳಗೆ ಮಾಡಿದೆ, ಬೀಳಲಿಲ್ಲ! ಇದೇ ನನ್ನ ಹೊಟ್ಟೆಯಲ್ಲೂ ಆಗಿದ್ದು. ಮೆಂತ್ಯದಲ್ಲಿ ಗ್ಯಾಲಕ್ಟೊಮ್ಯಾನನ್ ಎಂಬ ಲೋಳೆ ನಾರು ತುಂಬಾ ಇದೆ. ನೀರು ಸಿಕ್ಕಿದರೆ ಹೀರಿಕೊಂಡು ಉಬ್ಬುತ್ತದೆ. ಮೊದಲೇ ನೆನೆಸಿ ಕೊಟ್ಟರೆ ಅದೇ ಲೋಳೆ ಕರುಳಿಗೆ ನಯ. ಒಣಗಿದ್ದನ್ನೇ ನುಂಗಿದರೆ ಒಳಗಿರುವ ನೀರನ್ನು ತಾನು ಕುಡಿದು ಕೂರುತ್ತದೆ. ಮೊದಲೇ ಒಣಗಿದ ಕರುಳು, ವಾತದ ಮುಖ್ಯ ಜಾಗವೂ ಅದೇ ದೊಡ್ಡ ಕರುಳಂತೆ. ಜಾಸ್ತಿ ತಿಂದರೆ ಆ ನಾರು ಕರುಳಲ್ಲಿ ಹುಳಿತು ಗಾಳಿ, ಭೇದಿ ಎರಡೂ ಆಗುತ್ತವೆ. ಮಾತ್ರೆಗಳನ್ನೂ ಆ ಲೋಳೆ ಹಿಡಿದಿಟ್ಟುಕೊಳ್ಳಬಹುದು, ಅದಕ್ಕೆ ಎರಡರ ನಡುವೆ ಒಂದೆರಡು ಗಂಟೆ ಬಿಡಬೇಕು ಎಂದಿದ್ದರು ವೈದ್ಯೆ.

ಹಾಗಾದರೆ ಮೆಂತ್ಯ ವಾತಕ್ಕೆ ಒಳ್ಳೆಯದು ಅಂದಿದ್ದು ಸುಳ್ಳೇ? ಅಲ್ಲ. 16ನೇ ಶತಮಾನದ ಭಾವಮಿಶ್ರರ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲೇ ಇದೆ ಎಂದು ಆ ವೈದ್ಯೆ ತಾವೇ ಹೇಳಿದರು. “ಮೇಥಿಕಾ ವಾತಶಮನೀ ಶ್ಲೇಷ್ಮಘ್ನೀ ಜ್ವರನಾಶಿನೀ.” ಮೆಂತ್ಯ ವಾತ ತಗ್ಗಿಸುತ್ತದೆ, ಕಫ ಕಳೆಯುತ್ತದೆ, ಜ್ವರ ಹೋಗಿಸುತ್ತದೆ. ನಿಮ್ಮ ಬರಹದಲ್ಲೂ ಈ ಸಾಲು ಇತ್ತು. ಅದರ ಮುಂದಿನ ಸಾಲು ಮಾತ್ರ ಇರಲಿಲ್ಲ. ಕಾಡು ಮೆಂತ್ಯಕ್ಕೆ ಇದಕ್ಕಿಂತ ಗುಣ ಕಡಿಮೆ, ಆದರೆ ಕುದುರೆಗಳಿಗೆ ಅದು ಒಳ್ಳೆಯದು ಅಂತ ಇದೆಯಂತೆ. ಮೆಂತ್ಯಕ್ಕೆ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿನಲ್ಲೂ ಫೀನಮ್ ಗ್ರೇಕಮ್ ಅಂತ ಬರುತ್ತದೆ, ಗ್ರೀಕರ ಒಣಹುಲ್ಲು ಎಂದರ್ಥ. ಅಲ್ಲೂ ದನಕುದುರೆಗಳ ಮೇವೇ. ನಾನು ಒಂದು ವಾರ ತಿಂದ ಅಳತೆ ನೋಡಿದರೆ ಆ ಎರಡನೇ ಸಾಲು ನನಗೇ ಬರೆದ ಹಾಗಿದೆ.

ಅಳತೆ ಎಂದೆ. ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿರಣಿಯಲ್ಲಿ ಮಸಾಲೆ ತೂಗಲು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಟೀಗೆ ಸಕ್ಕರೆ ಹಾಕುವ ಸಣ್ಣ ಚಮಚದಲ್ಲಿ ಮೆಂತ್ಯದ ಕಾಳು ಸಮಮಟ್ಟ ತುಂಬಿದರೆ ಸುಮಾರು 4 ಗ್ರಾಂ. ಊಟದ ದೊಡ್ಡ ಚಮಚದಲ್ಲಿ 11 ಗ್ರಾಂ. ‘ಎರಡು ಚಮಚ’ ಅಂದರೆ 8 ಗ್ರಾಂ ಕೂಡ ಆಗಬಹುದು, 22 ಗ್ರಾಂ ಕೂಡ ಆಗಬಹುದು. ನಾನು ತಿಂದದ್ದು ದೊಡ್ಡ ಚಮಚ. ಸರ್ಕಾರ ಹೊರತಂದ ಆಯುರ್ವೇದ ಔಷಧಿಗಳ ಕೋಶದಲ್ಲಿ ಮೆಂತ್ಯದ ಪುಡಿಗೆ ಹೇಳಿರುವುದು 3ರಿಂದ 6 ಗ್ರಾಂ. ಅಂದರೆ ಒಂದು ಸಣ್ಣ ಚಮಚ, ಬಹಳವೆಂದರೆ ಒಂದೂವರೆ. ಜೀರ್ಣಶಕ್ತಿ ಕಡಿಮೆ ಇರುವವರು ಅದರಲ್ಲೂ ಅರ್ಧದಿಂದ ಶುರು ಮಾಡಬೇಕು ಎಂದರು ವೈದ್ಯೆ.

ನಿಮ್ಮ ಬರಹಕ್ಕಿಂತ ಮೊದಲೇ ಗಿರಣಿಗೆ ಬರುತ್ತಿದ್ದ ಇನ್ನೊಂದು ಮೆಂತ್ಯದ ಪುಡಿ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು. 250 ಗ್ರಾಂ ಮೆಂತ್ಯ, 100 ಗ್ರಾಂ ಓಮ, 50 ಗ್ರಾಂ ಕರಿಜೀರಿಗೆ. ಜನ ಚೀಟಿ ಸಮೇತ ತರುತ್ತಾರೆ. ತಮಾಷೆ ಎಂದರೆ ಆ ಮೂರನೆಯದು ಒಬ್ಬೊಬ್ಬರ ಡಬ್ಬದಲ್ಲಿ ಒಂದೊಂದು. ಒಬ್ಬರು ತರುವುದು ಕಪ್ಪಗೆ ಮೂಲೆ ಮೂಲೆ ಇರುವ ಕಾಳು, ಈರುಳ್ಳಿ ಬೀಜದ ಹಾಗೆ ಕಾಣುತ್ತದಲ್ಲ, ಅದು ಕರಿಜೀರಿಗೆ. ಇನ್ನೊಬ್ಬರು ತರುವುದು ಉದ್ದಕ್ಕೆ ಗೀರು ಇರುವ ಕಾಡುಜೀರಿಗೆ. ಅದು ಬೇರೆಯೇ ಗಿಡ, ಮೆಂತ್ಯವನ್ನೂ ಮೀರಿಸುವ ಕಹಿ, ಜಂತುಹುಳುವಿಗೆ ಕೊಡುವಂಥದ್ದು. ಎರಡನ್ನೂ ಒಂದೇ ಎಂದು ತಿಂಗಳುಗಟ್ಟಲೆ ತಿನ್ನುತ್ತಾರೆ. ನಾನು ಕಾಳು ಕೈಯಲ್ಲಿ ಹಿಡಿದು ತೋರಿಸಿದರೂ, “ಅಂಗಡಿಯವರು ಇದನ್ನೇ ಕೊಟ್ಟರು, ಬೀಸಿ ಅಕ್ಕ” ಎನ್ನುತ್ತಾರೆ.

ಈ ಚೀಟಿಯನ್ನೂ ವೈದ್ಯೆಗೆ ತೋರಿಸಿದ್ದೆ. ಅದನ್ನು ನೋಡಿ ಅವರು ಚತುರ್ಬೀಜದ ವಿಷಯ ಹೇಳಿದರು. ಅದೂ ಭಾವಪ್ರಕಾಶದ್ದೇ. ಮೆಂತ್ಯ, ಅಳವಿ ಬೀಜ, ಕರಿಜೀರಿಗೆ, ಓಮ, ನಾಲ್ಕೂ ಸೇರಿದ ಪುಡಿ. ವಾತದ ತೊಂದರೆ, ಅಜೀರ್ಣ, ಹೊಟ್ಟೆಶೂಲೆ, ಹೊಟ್ಟೆ ಉಬ್ಬರ, ಪಕ್ಕೆ ನೋವು, ಸೊಂಟ ನೋವು ಇವುಗಳಿಗೆ ಹೇಳಿರುವುದು. ಸಮಭಾಗ ಹಾಕಬೇಕು ಎಂದರು. ನಾನು ಅಲ್ಲೇ ಲೆಕ್ಕ ಹಾಕಿದೆ. ಸಮಭಾಗವಾದರೆ ಒಂದು ಸಣ್ಣ ಚಮಚ ಪುಡಿಯಲ್ಲಿ ಮೆಂತ್ಯ ಕಾಲು ಭಾಗ, ಒಂದು ಗ್ರಾಂ ಆಸುಪಾಸು. ವಾಟ್ಸ್‌ಆ್ಯಪ್ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆಂತ್ಯವೇ. ಹಳಬರು ಮೆಂತ್ಯದ ಜೊತೆ ಓಮದಂಥ ಗಾಳಿ ಬಿಡಿಸುವ ಕಾಳನ್ನೂ ಅಷ್ಟೇ ಅಳತೆಯಲ್ಲಿ ಹಾಕಿದ್ದು ಸುಮ್ನೆ ಅಲ್ಲ ಅನಿಸಿತು. ಗರ್ಭಿಣಿಯರು ಮಾತ್ರ ಈ ಪುಡಿಯನ್ನಾಗಲಿ, ಬರೀ ಮೆಂತ್ಯವನ್ನಾಗಲಿ ಔಷಧದ ಅಳತೆಯಲ್ಲಿ ಮುಟ್ಟಬಾರದು ಎಂದು ಎರಡು ಸಲ ಹೇಳಿದರು. ಅಡುಗೆಯ ಒಗ್ಗರಣೆಗೆ ಬೀಳುವ ನಾಲ್ಕು ಕಾಳಿನ ಮಾತು ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಕಡಲೆ, ಶೇಂಗಾ ಆಗದವರು ಕೂಡ ಕೇಳಿಯೇ ತಿನ್ನಬೇಕು. ಮೆಂತ್ಯವೂ ಅದೇ ಬೇಳೆಕಾಳಿನ ಕುಲದ್ದು.

ಇನ್ನು ನಿಮ್ಮ ಹತ್ತು ಪ್ರಶ್ನೆ. ಅದನ್ನು ನೋಡಿ ವೈದ್ಯೆಗೆ ಸ್ವಲ್ಪ ಸಿಟ್ಟೇ ಬಂತು. ಪ್ರಕೃತಿ ಎಂದರೆ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ. ಇವತ್ತು ಮೈಯಲ್ಲಿ ಕೆಟ್ಟಿರುವುದು ವಿಕೃತಿ. ವಯಸ್ಸು ಜಾರುತ್ತಿದ್ದಂತೆ ಎಲ್ಲರಿಗೂ ವಾತ ಏರುತ್ತದೆ. ಮಳೆಗಾಲದಲ್ಲೂ ಏರುತ್ತದೆ. 58ನೇ ವಯಸ್ಸಿನಲ್ಲಿ ಮಳೆಗಾಲದಲ್ಲಿ ಕೂತು ಪ್ರಶ್ನೆಗೆ ಟಿಕ್ ಹಾಕಿದರೆ ವಾತ ಬರದೆ ಇನ್ನೇನು ಬರುತ್ತದೆ? ನನ್ನನ್ನು ಚಿಕ್ಕಂದಿನಲ್ಲಿ ಹೇಗಿದ್ದೆ ಎಂದು ಕೇಳಿದರು. ದುಂಡಗಿದ್ದೆ, ಮಲಗಿದರೆ ಎಬ್ಬಿಸುವುದೇ ಕಷ್ಟವಿತ್ತು ಎಂದೆ. “ನಿನ್ನದು ಕಫ ಪ್ರಕೃತಿಯೇ ಇರಬೇಕು. ಈಗ ವಾತ ಕೆಟ್ಟಿದೆ ಅಷ್ಟೇ” ಎಂದರು. ಮನೆಯವರ ನಾಡಿ ನೋಡಿ, ಮಾತಾಡಿಸಿ, ಇವರಿಗೆ ಪಿತ್ತ ಎಂದರು. ಹುಳಿತೇಗು, ಎದೆಯುರಿ, ಬೇಸಿಗೆಯಲ್ಲಿ ಮೂಗಿನಿಂದ ರಕ್ತ, ಅವರಿಗೆ ಮೊದಲಿನಿಂದ ಇದ್ದದ್ದೇ. ಅಂಥವರಿಗೆ ಮೆಂತ್ಯ ಉಷ್ಣ ಮಾಡುತ್ತದೆ, ಬೇಡವೇ ಬೇಡ ಎಂದರು. ಏಳು ಅಂಕ ಪಡೆದವರು ಅವರು!

“ಚರಕರು ವಾತದ ಕಾಯಿಲೆಗಳನ್ನೇ 80 ಎಣಿಸಿದ್ದಾರೆ. ಪಿತ್ತದವು 40, ಕಫದವು 20. ಒಂದು ಡಬ್ಬ ಮೆಂತ್ಯಕ್ಕೆ ಅಷ್ಟೂ ಕೆಲಸ ಹೇಳ್ತಾರಲ್ಲ” ಎಂದು ಗೊಣಗುತ್ತಾ ನನಗೆ ಬರೆದುಕೊಟ್ಟರು. ಮೊದಲನೇ ಸಾಲಿನಲ್ಲಿ ಮೆಂತ್ಯವೇ ಇರಲಿಲ್ಲ. ಬೆಳಿಗ್ಗೆ ಎಂಟೂವರೆಯೊಳಗೆ ಬಿಸಿಯಾಗಿ ತಿಂಡಿ. ನಾನು 22 ವರ್ಷದಿಂದ ಗಿರಾಕಿ ಜಾಸ್ತಿ ಇರುವ ಹೊತ್ತು ಅಂತ ತಿಂಡಿ ಬಿಟ್ಟು, ಹನ್ನೊಂದಕ್ಕೋ ಹನ್ನೆರಡಕ್ಕೋ ನಿಂತುಕೊಂಡೇ ಏನಾದರೂ ತಿನ್ನುತ್ತಿದ್ದವಳು. ಹೊತ್ತು ತಪ್ಪಿ ತಿನ್ನುವುದಕ್ಕಿಂತ ವಾತ ಕೆಡಿಸುವ ಕೆಲಸ ಇನ್ನೊಂದಿಲ್ಲವಂತೆ. ಎರಡನೆಯದು ವಾರಕ್ಕೆ ಮೂರು ಸಲ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಮಂಡಿ, ಸೊಂಟ, ಅಂಗಾಲಿಗೆ ತಿಕ್ಕಿ ಬಿಸಿನೀರಿನ ಸ್ನಾನ. ವಾತಕ್ಕೆ ಎಣ್ಣೆಯೇ ದೊಡ್ಡ ಔಷಧಿ, ಮೆಂತ್ಯ ಅದರ ಹಿಂದೆ ಬರುವ ಆಳು ಎಂದರು. ಮೂರನೆಯದು ಮೆಂತ್ಯ. ಅರ್ಧ ಸಣ್ಣ ಚಮಚ ಕಾಳು, ರಾತ್ರಿ ನೆನೆಸಿ, ಬೆಳಿಗ್ಗೆ ಅದೇ ನೀರಿನಲ್ಲಿ ಬೆಚ್ಚಗೆ ಮಾಡಿ, ಖಾಲಿ ಹೊಟ್ಟೆಗಲ್ಲ, ತಿಂಡಿಯ ಜೊತೆ ಅಗಿದು ತಿನ್ನುವುದು. ಪುಡಿಯೇ ಬೇಕೆಂದರೆ ಸಣ್ಣ ಉರಿಯಲ್ಲಿ ಹುರಿದು ಬೀಸಿ, ಕಾಲು ಚಮಚ ಪುಡಿಯನ್ನು ತುಪ್ಪದಲ್ಲಿ ಕಲಸಿ ಬಿಸಿ ಅನ್ನದ ಮೊದಲ ತುತ್ತಿಗೆ.

ಹುರಿಯುವುದರ ಬಗ್ಗೆ ನನ್ನದೊಂದು ಮಾತು, ಇದು ವೈದ್ಯೆಯದ್ದಲ್ಲ. ಮೆಂತ್ಯ ಹುರಿಯುವಾಗ ಬಣ್ಣ ನೋಡಬೇಡಿ, ಮೂಗು ನಂಬಿ. ಘಮ್ ಅಂದ ತಕ್ಷಣ ಇಳಿಸಿ. ಕೆಂಪಗಾಗುವವರೆಗೆ ಕಾದರೆ ಸೀದು ಕಹಿ ಎರಡರಷ್ಟಾಗುತ್ತದೆ. ಬೀಸಲು ಬರುವ ಡಬ್ಬಗಳಲ್ಲಿ ಅರ್ಧಕ್ಕೆ ಅರ್ಧ ಸೀದ ಮೆಂತ್ಯವೇ.

ಈಗ ಎರಡು ವಾರಕ್ಕೆ ಮೇಲಾಯಿತು. ಹೊಟ್ಟೆ ಉಬ್ಬರ ಇಳಿದಿದೆ. ಬೆಳಗಿನ ಕೆಲಸ ಸರಾಗ. ಹಿಮ್ಮಡಿ ಮೆತ್ತಗಾಗುತ್ತಿದೆ. ಮಂಡಿ ಮಾತ್ರ ಇನ್ನೂ ಕಟಕಟ ಎನ್ನುತ್ತಲೇ ಇದೆ. ಇದರಲ್ಲಿ ಮೆಂತ್ಯದ್ದೆಷ್ಟು, ಎಣ್ಣೆಯದ್ದೆಷ್ಟು, ಎಂಟೂವರೆಯ ತಿಂಡಿಯದ್ದೆಷ್ಟು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನನ್ನ ಅನುಮಾನ ತಿಂಡಿಯ ಮೇಲೆ.

ಸಂಪಾದಕರೇ, ಮನೆಮದ್ದಿನ ಬರಹ ನಿಲ್ಲಿಸಿ ಎಂದು ಕೇಳುತ್ತಿಲ್ಲ. ನಾನೇ ಕತ್ತರಿಸಿಟ್ಟುಕೊಳ್ಳುವವಳು. ಇನ್ನು ಮೇಲೆ ಕೆಳಗೆ ಒಂದು ಸಣ್ಣ ಚೌಕ ಬಿಡಿ. ಎಷ್ಟು ಗ್ರಾಂ, ನೆನೆಸಿದ್ದೋ ಹುರಿದದ್ದೋ, ಯಾವುದರ ಜೊತೆ, ಯಾವ ಹೊತ್ತಿಗೆ, ಎಷ್ಟು ದಿನ, ಯಾರು ತಿನ್ನಬಾರದು. ಕರಿಜೀರಿಗೆಯಂಥ ಗೊಂದಲದ ಕಾಳು ಇದ್ದರೆ ಪಕ್ಕದಲ್ಲಿ ಅದರ ಚಿತ್ರ. ಪ್ರಕೃತಿ ಪರೀಕ್ಷೆಯ ಹತ್ತು ಪ್ರಶ್ನೆಗೆ ಕೊಟ್ಟ ಜಾಗ ಇದಕ್ಕೆ ಸಾಕು. ನಿಮ್ಮ ಬರಹಗಾರರಿಗೆ ಇದೆಲ್ಲ ಗೊತ್ತಿಲ್ಲದೆ ಇರುವುದಿಲ್ಲ. ಜಾಗ ಸಾಲದೆ ಬಿಟ್ಟಿರಬಹುದು. ಆದರೆ ನೀವು ಬಿಟ್ಟ ಆ ನಾಲ್ಕು ಸಾಲನ್ನು ಈಗ ಗಿರಣಿಯಲ್ಲಿ ನಿಂತು, ಮೋಟರ್ ಸದ್ದಿನ ನಡುವೆ, ನಾನು ಕೂಗಿ ಕೂಗಿ ಹೇಳುತ್ತಿದ್ದೇನೆ.

ಇದನ್ನು ಬರೆಯುತ್ತಿರುವಾಗಲೇ ಯಾರೋ ಒಂದು ಸ್ಟೀಲ್ ಡಬ್ಬ ಇಟ್ಟು ಹೋಗಿದ್ದಾರೆ. ಮುಚ್ಚಳಕ್ಕೆ ನಿಮ್ಮ ಪುಟದ ತುಂಡು ಅಂಟಿಸಿದೆ. ಒಳಗೆ ಎರಡು ಕಿಲೋ ಇರಬೇಕು, ಹಸಿ ಮೆಂತ್ಯ, ಹುರಿದಿಲ್ಲ. ಪಕ್ಕಕ್ಕೆ ಎತ್ತಿಟ್ಟಿದ್ದೇನೆ. ಅವರು ಬರಲಿ, ಮನೆಯಲ್ಲಿ ಸಕ್ಕರೆ ಮಾತ್ರೆ ಯಾರು ತಗೊಳ್ಳುತ್ತಾರೆ ಎಂದು ಕೇಳಿ ಆಮೇಲೆ ಬೀಸುತ್ತೇನೆ.

ಇಂತಿ,
ಹಿಟ್ಟಿನ ಗಿರಣಿಯ ಒಬ್ಬ ಓದುಗಿತ್ತಿ
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿದೆ. ದಯವಿಟ್ಟು ಅಚ್ಚು ಹಾಕಬೇಡಿ.)